ದೀಪ ದೊಡ್ಡದು ಮಾಡಿ

“ಮತ್ತೆ ಬಂತು ನೋಡಿ, ಪೀಡೆ!”

ಗ್ಯಾರೇಜಕ್ಕ ಸ್ಟಿಯರಿಂಗಿನ ಹಿಂದಿನಿಂದ ಕೂಗಿದಳು. ಮೀಟರಿನ ಎಡಮೂಲೆಯಲ್ಲಿ, ಎಂಜಿನ್ನಿನ ಆಕಾರದ ಆ ಹಳದಿ ದೀಪ ತಾನು ಎಂದೂ ಆರಿಯೇ ಇರಲಿಲ್ಲವೆಂಬಂತೆ ಹೊತ್ತಿಕೊಂಡು ನಿಂತಿತು. ಸ್ವಲ್ಪ ಹೊತ್ತಿನ ಹಿಂದಷ್ಟೇ ಸ್ಕ್ಯಾನರಿನಿಂದ ಅದನ್ನು ಅಳಿಸಿ, ಕಿಟಕಿಯ ಗಾಜುಗಳನ್ನೆಲ್ಲ ಇಳಿಸಿಕೊಂಡು, ಶೆಡ್ಡಿನ ಹಿಂದಿನ ರಸ್ತೆಯಲ್ಲಿ ಗಾಡಿಯನ್ನು ಒಂದು ಸುತ್ತು ಓಡಿಸಿ ತಂದಿದ್ದರು.

ಗಾಜಿನಂಗಡಿಯ ಯಜಮಾನ ಉಸಿರುಕಟ್ಟಿ ಸತ್ತದ್ದು ಈ ಹಳೆಯ ಪಿಕಪ್ಪಿನ ಒಳಗೇ. ಅದಕ್ಕೆ ಕೊನೆಯದಾಗಿ ಕೈಹಚ್ಚಿದ್ದ ತಪ್ಪಿಗೆ ಗ್ಯಾರೇಜಕ್ಕನ ಗಂಡ ಈಗ ಲಾಕಪ್ಪಿನಲ್ಲಿದ್ದ.

“ಯಂತ್ರ ಏನು ಹೇಳತ್ತೆ?” ಎಂದು ಕೇಳಿದಳು ಸರ್ವೇಯರಮ್ಮ.

ಅಪಘಾತಕ್ಕೀಡಾದ ವಾಹನಗಳನ್ನು ವಿಮಾ ಕಂಪನಿಯ ಪರವಾಗಿ ಪರೀಕ್ಷಿಸುವುದು ಆಕೆಯ ವೃತ್ತಿ. ಎದುರಿಗೆ ಎಲ್ಲರೂ ‘ಸರ್ವೇಯರಮ್ಮ’ ಎನ್ನುತ್ತಿದ್ದರು. ಬೆನ್ನ ಹಿಂದೆ ‘ಭೂತಗನ್ನಡಿ’. ಆಕೆಗೆ ಎರಡೂ ಗೊತ್ತಿತ್ತು, ಎರಡನೆಯದೇ ಹೆಚ್ಚು ಇಷ್ಟವಾಗಿತ್ತು. ಆಕೆಯ ವರದಿ ಸಂಜೆಯೊಳಗೆ ಠಾಣೆಯನ್ನು ಮುಟ್ಟಬೇಕಾಗಿತ್ತು. ‘ರಿಪೇರಿಯ ದೋಷ’ ಎಂದು ಆಕೆ ಬರೆದರೆ, ಗ್ಯಾರೇಜಿನವನು ನಾಳೆ ನ್ಯಾಯಾಲಯದ ಮೆಟ್ಟಿಲಿಳಿದು ನೇರವಾಗಿ ಜೈಲಿನ ಗಾಡಿ ಹತ್ತುತ್ತಾನೆ. ಅವನ ಹೆಂಡತಿಗೆ ಇದು ತಿಳಿದಿತ್ತು. ತಿಳಿದಿದ್ದರಿಂದಲೇ ಬೆಳಗಿನಿಂದ ಒಂದು ಲೋಟ ನೀರನ್ನೂ ಕುಡಿದಿರಲಿಲ್ಲ.

“ಅದೇ ಹಳೇ ರಾಗ,” ಎಂದಳು ಗ್ಯಾರೇಜಕ್ಕ, ಸ್ಕ್ಯಾನರನ್ನು ಬೆಳಕಿಗೆ ಹಿಡಿದು. “ಎಂಜಿನ್ನಿಗೆ ಪೆಟ್ರೋಲ್ ಸಾಲ್ತಿಲ್ಲ, ಗಾಳಿ ಜಾಸ್ತಿ ಆಗಿದೆ ಅಂತ. ನಮ್ಮನೆಯವರು ಸೆನ್ಸರ್ ಬದಲಾಯಿಸಿದ್ರು. ದೀಪ ಹೋಯ್ತು, ಬಂತು. ಸೆನ್ಸರ್ರೇ ಕೆಟ್ಟದ್ದೇನೋ ಅಂತ ಇನ್ನೊಂದು ಹೊಸದು ತಂದು ಹಾಕಿದ್ರು. ಹೋಯ್ತು, ಬಂತು. ಏರ್ ಫಿಲ್ಟರ್, ಪೆಟ್ರೋಲ್ ಪಂಪು, ಕೈಗೆ ಸಿಕ್ಕಿದ್ದೆಲ್ಲ ಬದಲಾಯಿಸಿದ್ರು. ಮುನಿಸ್ಕೊಂಡ ನೆಂಟನ ಹಾಗೆ ಇದು ಹೋಗೋದು, ಬಾಗಿಲ ಹತ್ರ ನಿಂತು ವಾಪಸ್ ಬರೋದು.”

ಮೂಲೆಯ ಸ್ಟೂಲಿನ ಮೇಲೆ ಕಾವಲಿಗೆ ಕುಳಿತಿದ್ದ ಪೇದೆ ಬಾಯಿ ಹಾಕಿದ. “ಆ ಬಲ್ಬು ಕಿತ್ತು ಬಿಸಾಕಿದ್ರೆ ಆಗ್ತಿರ್ಲಿಲ್ವಾ?”

“ನಿಮ್ಮ ಠಾಣೇಲಿ ದೂರು ಕೊಡೋಕೆ ಬಂದೋರ ಬಾಯಿ ಮುಚ್ಚಿಸ್ತೀರಲ್ಲ, ಹಾಗಾ?”

ಪೇದೆ ಟೋಪಿ ಸರಿಮಾಡಿಕೊಂಡು ಗೋಡೆಯನ್ನು ನೋಡಿದ.

“ಒಂದು ಪ್ಲಗ್ ಬಿಚ್ಚು,” ಎಂದಳು ಸರ್ವೇಯರಮ್ಮ.

ಗ್ಯಾರೇಜಕ್ಕ ಬಿಚ್ಚಿಕೊಟ್ಟಳು. ಪೆಟ್ರೋಲು ಸಾಲದ ಎಂಜಿನ್ನಿನ ಪ್ಲಗ್ಗಿನ ತುದಿ ಬಿಳಿಚಿಕೊಂಡಿರುತ್ತದೆ. ಇದರ ತುದಿಗೆ ಕಾಡಿಗೆ ಹಚ್ಚಿದಂತೆ ಮಸಿ ಕಟ್ಟಿತ್ತು. ಸರ್ವೇಯರಮ್ಮ ಅದನ್ನು ಉಗುರಿನಿಂದ ಕೆರೆದು, ಬೆರಳಿಗಂಟಿದ ಕಪ್ಪನ್ನು ಬಹಳ ಹೊತ್ತು ದಿಟ್ಟಿಸಿದಳು.

“ಹೊಟ್ಟೆ ಬಿರಿಯೋ ಹಾಗೆ ಉಂಡವನು ಹಸಿವು ಹಸಿವು ಅಂತ ಅಳ್ತಿದಾನೆ,” ಎಂದಳು ಕೊನೆಗೆ. “ಇಲ್ಲಿ ಪೆಟ್ರೋಲು ಕಮ್ಮಿ ಆಗಿಲ್ಲ, ಮಿತಿಮೀರಿ ಬೀಳ್ತಿದೆ. ಆದ್ರೂ ಸೆನ್ಸರ್ ಸಾಲದು ಅಂತಿದೆ. ಯಾಕೆ?”

“ಸೆನ್ಸರ್ ಸುಳ್ಳು ಹೇಳ್ತಿದೆ.”

“ಬೇರೆ ಬೇರೆ ಸೆನ್ಸರುಗಳು ಸೇರಿಕೊಂಡು ಒಂದೇ ಸುಳ್ಳು ಹೇಳೋದಿಲ್ಲ. ಅದರ ಮೂಗು ಇರೋದು ಹೊಗೆಕೊಳವೆಯ ಒಳಗೆ. ಆ ಮೂಗಿಗೆ ಎಲ್ಲಿಂದಲೋ ಹೊರಗಿನ ಗಾಳಿ ಬಡೀತಿದೆ. ಗಾಳಿ ಬಡಿದ ತಕ್ಷಣ ಅದು, ಪೆಟ್ರೋಲ್ ಸಾಲದು ಅನ್ನತ್ತೆ. ಕಂಪ್ಯೂಟರ್ ನಂಬತ್ತೆ, ಇನ್ನಷ್ಟು ಸುರಿಯತ್ತೆ. ಸುರಿದಷ್ಟೂ ಹೊಗೆಯಲ್ಲಿ ವಿಷ ಜಾಸ್ತಿ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.”

ಅಂದರೆ ಸೆನ್ಸರಿಗಿಂತ ಮುಂಚೆ, ಎಂಜಿನ್ನಿನ ಪಕ್ಕದಲ್ಲೇ ಎಲ್ಲೋ, ಕೊಳವೆಯಲ್ಲಿ ಒಂದು ಬಾಯಿ ಇರಬೇಕು. ಒಂದು ಉಸಿರಿಗೆ ಗಾಳಿಯನ್ನು ಒಳಕ್ಕೆಳೆಯುವ ಆ ಬಾಯಿ, ಮರು ಉಸಿರಿಗೆ ಹೊಗೆಯನ್ನು ಹೊರಕ್ಕುಗುಳುತ್ತಿರಬೇಕು.

“ಹೊಗೆ ಬಿಟ್ಟು ನೋಡೋಣ,” ಎಂದಳು ಗ್ಯಾರೇಜಕ್ಕ.

“ಹೊಗೆ ಹಾಕಿಸ್ಕೊಂಡೋನು ಆಗಲೇ ಹೋದನಲ್ಲ,” ಎಂದು ಪೇದೆ ತನ್ನ ಮಾತಿಗೆ ತಾನೇ ನಗಲು ಹೊರಟವನು, ಗ್ಯಾರೇಜಕ್ಕನ ಕಣ್ಣು ಕಂಡು ನಗುವನ್ನು ನುಂಗಿಕೊಂಡ.

ಎಂಜಿನ್ ಆರಿಸಿ, ತಣಿಯಲು ಬಿಟ್ಟು, ಸೈಲೆನ್ಸರಿನ ಬಾಲಕ್ಕೆ ಹೊಗೆಯಂತ್ರದ ರಬ್ಬರು ಕೊಳವೆಯನ್ನು ಬಿಗಿದರು. ಯಂತ್ರ ಗುಂಯ್‌ಗುಟ್ಟಿತು. ಸೋರಿಕೆ ಕಂಡುಹಿಡಿಯಲೆಂದೇ ತಯಾರಿಸಿದ ಬೆಳ್ಳನೆಯ, ನಿರುಪದ್ರವಿಯಾದ ಹೊಗೆ ಅದು. ಬಾನೆಟ್ಟಿನ ಕೆಳಗೆ ಎಲ್ಲಿಯಾದರೂ ಎಳೆಯೊಂದು ಕಾಣಿಸೀತೆಂದು ಸರ್ವೇಯರಮ್ಮ ಟಾರ್ಚು ಹಿಡಿದು ಬಾಗಿದಳು. ಏನೂ ಕಾಣಲಿಲ್ಲ.

“ಅಮ್ಮಾ,” ಎಂದಿತು ಪೇದೆಯ ದನಿ. ಈ ಬಾರಿ ಅದರಲ್ಲಿ ತಮಾಷೆಯಿರಲಿಲ್ಲ. “ಒಳಗೆ.”

ಕ್ಯಾಬಿನ್ನಿನೊಳಗೆ, ಚಾಲಕನ ಪಾದಗಳಿರಬೇಕಾದ ಜಾಗದಲ್ಲಿ, ಕ್ಲಚ್ ಪೆಡಲಿನ ಹಿಂದಿನಿಂದ ಬಿಳಿಯ ಹೊಗೆ ಸದ್ದಿಲ್ಲದೆ ಏಳುತ್ತಿತ್ತು. ಅದು ಸೀಟಿನ ಅಂಚನ್ನು ಸವರಿ, ಸ್ಟಿಯರಿಂಗನ್ನು ಬಳಸಿ, ಮನುಷ್ಯನ ಮುಖವಿರುವಷ್ಟು ಎತ್ತರದಲ್ಲಿ ನಿಧಾನವಾಗಿ ಸುತ್ತತೊಡಗಿತು. ಮೂವರೂ ನಿಂತು ನೋಡಿದರು. ಒಬ್ಬ ಮನುಷ್ಯನ ಸಾವು ಹೇಗೆ ನಡೆಯಿತೆಂಬುದನ್ನು ಅವರು ಆಗ ಕಣ್ಣಾರೆ ಕಂಡರು.

ಮುಂದಿನದು ಸ್ಪ್ಯಾನರಿನ ಕೆಲಸ. ಶಾಖ ತಡೆಯುವ ತಗಡನ್ನು ಬಿಚ್ಚಿದಾಗ ಕೊಳವೆಯ ಹಿಂಬದಿಯಲ್ಲಿ ತೂತು ಕಂಡಿತು. ಪೆನ್ಸಿಲ್ಲು ತೂರುವಷ್ಟು ಗಾತ್ರ. ಅದಕ್ಕೆ ನೇರ ಎದುರಾಗಿ, ಕ್ಯಾಬಿನ್ನಿನ ಗೋಡೆಯಲ್ಲಿ, ರಬ್ಬರಿನ ಬಿರಡೆಯೊಂದು ಇರಬೇಕಾಗಿದ್ದ ರಂಧ್ರ ಬರಿದಾಗಿತ್ತು.

ಸರ್ವೇಯರಮ್ಮ ಕೈಬೆರಳಿನ ತುದಿಯಿಂದ ತೂತಿನ ಅಂಚನ್ನು ಮುಟ್ಟಿದಳು. ತುಕ್ಕು ತಿಂದು ಬಿದ್ದ ತೂತಿನ ಅಂಚು ಹರುಕಾಗಿ, ತೆಳುವಾಗಿ, ಮುಟ್ಟಿದರೆ ಉದುರುವಂತಿರುತ್ತದೆ. ಇದರ ಅಂಚು ದುಂಡಗೆ, ದಪ್ಪಗೆ, ದೃಢವಾಗಿತ್ತು.

“ಕೊರೆದಿದಾರೆ.”

“ಹಾಗಾದ್ರೆ ನಮ್ಮನೆಯವರ ತಪ್ಪಲ್ಲ!” ಗ್ಯಾರೇಜಕ್ಕನ ದನಿ ಒಡೆಯಿತು. “ಬರ್ಕೊಳ್ಳಿ ಅಮ್ಮಾ. ಬರ್ಕೊಳ್ಳಿ!”

“ಕೊರೆದೋನು ನಿನ್ನ ಗಂಡನೇ ಇರಬಹುದಲ್ಲ,” ಎಂದ ಪೇದೆ, ಕಾಲಿನಿಂದ ನೆಲ ಕೆರೆಯುತ್ತ. “ನಾನನ್ನಲ್ಲ ತಾಯಿ. ಸಾಹೇಬರು ಅಂತಾರೆ. ಡ್ರಿಲ್ ಯಂತ್ರ ಇಲ್ಲೇ ಇದೆ, ಗಾಡೀನೂ ಇಲ್ಲೇ ಇತ್ತು.”

ಕಹಿಯಾದರೂ ಮಾತು ಸರಿಯಾಗಿತ್ತು. ತೂತು ಸಿಕ್ಕಿತೆಂಬ ಸಂತೋಷಕ್ಕೆ, ಅಜಾಗರೂಕತೆಯ ಆರೋಪ ಕೊಲೆಯ ಆರೋಪಕ್ಕೆ ಬಡ್ತಿ ಪಡೆಯಬಹುದಾಗಿತ್ತು.

ಸರ್ವೇಯರಮ್ಮ ಗಾಡಿಯನ್ನು ಒಂದು ಪ್ರದಕ್ಷಿಣೆ ಹಾಕಿ ಮುಂದೆ ಬಂದು ನಿಂತಳು. ಬಂಪರು ಸೊಟ್ಟ, ಬಣ್ಣ ಎದ್ದಿದೆ, ಗ್ರಿಲ್ಲು ತಂತಿಯಿಂದ ಕಟ್ಟಿದ್ದು. ಇಂಥ ಮುಖಕ್ಕೆ ಹೆಡ್‌ಲೈಟುಗಳು ಮಾತ್ರ ಫಳಫಳ ಹೊಸವು, ಆ ಗಾಡಿಗೆ ಹೊಂದದಷ್ಟು ದೊಡ್ಡವು.

“ಇವು ನೀವು ಹಾಕಿದ್ದಾ?”

“ನಾವಾ? ಇಷ್ಟು ದೊಡ್ಡ ಬಲ್ಬು ಹಾಕಿದ್ರೆ ವೈರೇ ಸುಟ್ಟುಹೋಗತ್ತೆ. ಇಂಥ ಘನಂದಾರಿ ಕೆಲಸ ಕರೆಂಟ್ ಮಾವನದ್ದೇ.”

ಕರೆಂಟ್ ಮಾವನ ಅಂಗಡಿ ರಸ್ತೆಯ ತಿರುವಿನಲ್ಲಿತ್ತು. ಗಾಡಿಗಳ ದೀಪ, ಹಾರ್ನು, ಬ್ಯಾಟರಿಗಳ ಕೆಲಸ ಅವನದು. ಬಾಗಿಲ ಮೇಲಿಂದ ವೈರುಗಳು ಬಳ್ಳಿಯಂತೆ ಇಳಿಬಿದ್ದಿದ್ದು, ಒಳಹೋಗುವವರು ತಲೆ ತಗ್ಗಿಸಲೇಬೇಕಾಗಿತ್ತು. ಇದರಿಂದ ಎಲ್ಲರೂ ತನಗೆ ನಮಸ್ಕರಿಸಿ ಬರುತ್ತಾರೆಂದು ಅವನು ಹೇಳಿಕೊಳ್ಳುತ್ತಿದ್ದ.

“ಹೌದು, ನಾನೇ ಹಾಕಿದ್ದು,” ಎಂದ. “ದೀಪ ದೊಡ್ಡದು ಮಾಡಿ ಅಂದ್ರು, ಮಾಡ್ದೆ. ಏನೀಗ?”

“ಯಾರು ಅಂದಿದ್ದು?”

“ಫೋನು ಬಂತು. ಗಾಜಿನಂಗಡಿಯಿಂದ ಮಾತಾಡ್ತಿರೋದು ಅಂತ. ಹಿಂದೆ ಗಾಜು ಉಜ್ಜೋ ಯಂತ್ರ ಗರಗರ ಅಂತಿತ್ತು. ಗಂಡೋ ಹೆಣ್ಣೋ ಅಂತ ಸಹ ಗೊತ್ತಾಗ್ಲಿಲ್ಲ.”

“ಅವರಂದ ಮಾತು ಇದ್ದಹಾಗೇ ಹೇಳಿ. ನಿಮ್ಮದೇನೂ ಸೇರಿಸ್ಬೇಡಿ.”

ಕರೆಂಟ್ ಮಾವ ಕಣ್ಣು ಮುಚ್ಚಿ ನೆನಪಿಸಿಕೊಂಡ. “‘ನಮ್ಮ ಪಿಕಪ್ಪು ನಿಮ್ಮ ಅಂಗಡಿ ಎದುರಿಗೇ ನಿಂತಿದೆ. ಆ ದೀಪ ದೊಡ್ಡದು ಮಾಡ್ಬಿಡಿ. ಮತ್ತೆ ಗ್ಯಾರೇಜಿಗೆ ಹೋಗೋದಕ್ಕೆ ಮುಂಚೆ ಮಾಡ್ಬಿಡಿ.’ ಇಷ್ಟೇ.”

“ವಿಚಿತ್ರ ಅನ್ನಿಸ್ಲಿಲ್ವಾ?”

“ಹಾರ್ನು ದೊಡ್ಡದು ಮಾಡಿ ಅಂತಾರೆ, ಸ್ಪೀಕರ್ ದೊಡ್ಡದು ಮಾಡಿ ಅಂತಾರೆ. ಹೆಂಡ್ತಿ ಬಾಯಿ ಚಿಕ್ಕದು ಮಾಡ್ಕೊಡಿ ಅಂತ ಮಾತ್ರ ಇದುವರೆಗೆ ಯಾರೂ ಬಂದಿಲ್ಲ.”

“ಮೊದಲು ನಿಮ್ಮ ಬಾಯಿಗೊಂದು ಫ್ಯೂಸ್ ಹಾಕಿಸ್ಕೊಳ್ಳಿ, ಮಾವ,” ಎಂದಳು ಗ್ಯಾರೇಜಕ್ಕ.

ಸರ್ವೇಯರಮ್ಮ ನಗಲಿಲ್ಲ. ವೈರುಗಳ ಕೆಳಗೆ ತಲೆ ತಗ್ಗಿಸಿ ಹೊರಬಂದವಳು ರಸ್ತೆಯ ಅಂಚಿನಲ್ಲಿ ನಿಂತುಬಿಟ್ಟಳು.

“ನಮ್ಮತ್ತೆ ಇದ್ರಲ್ಲ,” ಎಂದಳು, “ಅವರು ಬದುಕಿರೋತನಕ ನಮ್ಮನೇಲಿ ಯಾರೂ ದೀಪ ಆರಿಸಿದ್ದಿಲ್ಲ.”

“ಅಂದ್ರೆ? ಇಡೀ ರಾತ್ರಿ ಉರೀತಿತ್ತಾ?”

“ಆರಿಸ್ತಿದ್ವಿ. ಆ ಮಾತು ಆಡ್ತಿರ್ಲಿಲ್ಲ. ‘ಆರಿಸು’ ಅಂದ್ರೆ ಕೆಟ್ಟ ಮಾತು. ‘ದೀಪ ದೊಡ್ಡದು ಮಾಡು’ ಅಂದ್ರೆ, ಎದ್ದು ಹೋಗಿ ಆರಿಸಿ ಬಾ ಅಂತ ಅರ್ಥ. ಮದುವೆಯಾದ ಹೊಸದರಲ್ಲಿ ನಾನೂ ಹೋಗಿ ಬತ್ತಿ ಏರಿಸಿ ಬಂದು ಬೈಸ್ಕೊಂಡಿದೀನಿ.”

ಗ್ಯಾರೇಜಕ್ಕ ರಸ್ತೆಯಲ್ಲೇ ನಿಂತು ಅವಳನ್ನು ನೋಡಿದಳು. ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದಾಗ ಸೆರಗನ್ನು ಬಾಯಿಗೊತ್ತಿಕೊಂಡಳು.

ಹೆಡ್‌ಲೈಟಿನ ಮಾತೇ ಅಲ್ಲ ಅದು. ಎಂಜಿನ್ನಿನ ಹಳದಿ ದೀಪವನ್ನು ಕಣ್ಣಿಗೆ ಬೀಳದಂತೆ ಆರಿಸಿಬಿಡಬೇಕೆಂದು ಆ ಮನೆಯವರೊಬ್ಬರು ಕೇಳಿದ್ದರು. ಅದೂ ಗಾಡಿ ಮತ್ತೆ ಗ್ಯಾರೇಜಿಗೆ ಹೋಗಿ, ಯಾರಾದರೂ ಆ ದೀಪದ ಬೆನ್ನುಹತ್ತಿ ತೂತಿನವರೆಗೆ ತಲುಪುವ ಮೊದಲೇ. ಹಾಗೆ ಕೇಳಿದವರ ಬಾಯಲ್ಲಿ, ಅಂಥ ಗಳಿಗೆಯಲ್ಲೂ, ಹುಟ್ಟಿದ ಮನೆಯ ಮಾತೇ ಬಂದಿತ್ತು.

ಗಾಜಿನಂಗಡಿಗೆ ಹೋಗುವಾಗ ಸರ್ವೇಯರಮ್ಮ ಗ್ಯಾರೇಜಕ್ಕನನ್ನು ಗೇಟಿನ ಹೊರಗೇ ನಿಲ್ಲಿಸಿದಳು. “ನಿನ್ನನ್ನು ಕಂಡ್ರೆ ಅವರು ಬಾಯಿ ಬಿಡಲ್ಲ. ಇಲ್ಲೇ ಇರು.”

ಒಳಗೆ ಮರದ ಚೌಕಟ್ಟುಗಳಲ್ಲಿ ಗಾಜಿನ ಹಾಳೆಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಅವುಗಳ ಅಂಚುಗಳಲ್ಲಿ ಕೊಳದ ನೀರಿನಂಥ ಹಸಿರು. ಮೂಲೆಯಲ್ಲಿ ಉಜ್ಜುವ ಯಂತ್ರ ಗರಗರನೆ ತಿರುಗುತ್ತಿತ್ತು. ಬಟ್ಟೆ ಹೊದಿಸಿದ ಅಗಲವಾದ ಮೇಜಿನ ಮುಂದೆ ಸತ್ತವನ ಬಾಮೈದ ಗಾಜು ಕೊಯ್ಯುತ್ತಿದ್ದ: ನೀಳವಾದ, ಹಗುರವಾದ ಕೈಗಳು, ಕಿವಿಯ ಮೇಲೊಂದು ಸಿಗರೇಟು. ಅವನ ಅಕ್ಕ, ಅಂದರೆ ಸತ್ತವನ ಹೆಂಡತಿ, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಫೋನುಗಳಿಗೆ ಉತ್ತರಿಸುತ್ತಿದ್ದಳು. ಗಂಡನ ಕುರ್ಚಿ ಖಾಲಿಯಿತ್ತು. ಅದರ ಮೇಲೆ ಯಾರೂ ಏನನ್ನೂ ಇಟ್ಟಿರಲಿಲ್ಲ.

ಸರ್ವೇಯರಮ್ಮ ಬಾಯಿ ತೆರೆಯುವ ಮೊದಲೇ ಕೆಲಸದವನೊಬ್ಬ ಬಂದ. “ಅಮ್ಮಾವ್ರೇ, ಗಾಜಿಗೆ ಹಚ್ಚೋ ಅಂಟು?”

“ಅಂಟು ಹೆಚ್ಚಿದೆ. ಬರೋವಾಗ ತಗೊಂಡು ಬಾ.”

“ಹೆಚ್ಚಿದ್ರೆ ಯಾಕೆ ತರೋದು, ಅಮ್ಮಾವ್ರೇ?”

“ಖಾಲಿ ಅಂತ ಅರ್ಥ ಕಣಯ್ಯ,” ಎಂದ ಬಾಮೈದ, ಮೇಜಿನಿಂದ ತಲೆಯೆತ್ತದೆ. “ನೀನು ಹೊಸಬ. ನಮ್ಮಕ್ಕನ ಬಾಯಲ್ಲಿ ಏನೂ ಮುಗಿಯಲ್ಲ, ಏನೂ ಒಡೆಯಲ್ಲ, ಯಾರೂ…”

ಮಾತು ಅಲ್ಲಿಗೇ ನಿಂತಿತು. ಮೂವರ ಕಣ್ಣುಗಳೂ ಖಾಲಿ ಕುರ್ಚಿಯ ಕಡೆಗೆ ಹೋಗಿ ಮರಳಿದವು.

“ಎಂಜಿನ್ನಿನ ದೀಪಾನೂ ಆರಲ್ಲ, ಅಲ್ವಾ ತಾಯಿ?” ಎಂದಳು ಸರ್ವೇಯರಮ್ಮ. “ದೊಡ್ಡದಾಗತ್ತೆ.”

ಗಾಜಿನಂಗಡಿಯಾಕೆ ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. “ಆ ಯಂತ್ರ ನಿಲ್ಲಿಸು,” ಎಂದಳು ಕೆಲಸದವನಿಗೆ. ಗರಗರ ನಿಂತಿತು. ನಿಂತ ಮೇಲೆ ಆ ಜಾಗ ಎಷ್ಟು ನಿಶ್ಶಬ್ದವಾದುದೆಂದು ತಿಳಿಯಿತು.

“ಯಾವ ದೀಪ? ಏನ್ರೀ ನೀವು ಹೇಳೋದು?” ಬಾಮೈದ ಕೊಯ್ಯುವ ಉಳಿಯನ್ನು ಹಿಡಿದುಕೊಂಡೇ ತಿರುಗಿದ. “ವಿಮೆಯವರು ವಿಮೆ ನೋಡ್ಕೊಳ್ಳಿ. ಆ ಗ್ಯಾರೇಜಿನೋನು ಕೆಲಸಗೇಡಿ. ನಾನು ಹತ್ತು ಸಲ ಗಾಡಿ ಕೊಟ್ಟೆ, ಹತ್ತು ಸಲ ‘ಆಯ್ತು ಸಾರ್’ ಅಂದ. ನಮ್ಮ ಭಾವನ್ನ ಕೊಂದ.”

“ಗಾಡಿ ಓಡಿಸ್ತಿದ್ದದ್ದು ನೀವಾ?”

“ಮತ್ತಿನ್ಯಾರು? ದಿನಾ ನಾನೇ. ಆವತ್ತು ನನ್ನನ್ನ ಗೋದಾಮಿಗೆ ಕಳಿಸಿ ಭಾವ ತಗೊಂಡು ಹೋದ್ರು.”

“ತಲೆನೋವು ಬರ್ತಿತ್ತಾ?”

ಅವನ ಹುಬ್ಬು ಗಂಟಿಕ್ಕಿತು. “ಬರ್ತಿತ್ತು. ವಾಂತಿ ಬಂದಹಾಗೂ ಆಗ್ತಿತ್ತು. ಅಂಟಿನ ವಾಸನೆಗೆ ಅನ್ಕೊಂಡೆ. ಯಾಕೆ?”

“ಕೊಳವೆಗೆ ತೂತು ಕೊರೆದಿದಾರೆ. ಕ್ಯಾಬಿನ್ನಿನ ಗೋಡೆಯಲ್ಲಿದ್ದ ಬಿರಡೆ ಕಿತ್ತಿದಾರೆ. ಹೊಗೆ ನೇರವಾಗಿ ಓಡಿಸೋನ ಮುಖಕ್ಕೆ ಬರತ್ತೆ.” ಸರ್ವೇಯರಮ್ಮ ಒಂದೊಂದು ಮಾತನ್ನೂ ಬಿಡಿಸಿ ಇಟ್ಟಳು, ಇಡುವಾಗ ಇಬ್ಬರ ಮುಖಗಳನ್ನೂ ಬಿಡದೆ ನೋಡಿದಳು. “ನೀವು ಗಾಜು ಇಳಿಸ್ಕೊಂಡು ಓಡಿಸ್ತಿದ್ರೇನೋ.”

ಬಾಮೈದನ ಕೈ ತಾನಾಗಿ ಕಿವಿಯ ಮೇಲಿನ ಸಿಗರೇಟಿಗೆ ಹೋಯಿತು. “ಇದರ ಚಟ ನನಗೆ. ಗಾಜು ಯಾವಾಗ್ಲೂ ಕೆಳಗೇ. ಭಾವನಿಗೆ ಚಳಿ ತಡೆಯೋಕೆ ಆಗ್ತಿರ್ಲಿಲ್ಲ, ಕೂತ ತಕ್ಷಣ ಏರಿಸೋರು.” ಅವನು ನಿಂತಲ್ಲೇ ಬಿಳುಪೇರಿದ. “ಅಂದ್ರೆ ಅದು ನನಗೆ ಇಟ್ಟಿದ್ದಾ?”

“ಆ ದೀಪ ಆರಿಸ್ಬಿಡಿ ಅಂತ ಈ ಅಂಗಡಿಯಿಂದ ಫೋನು ಹೋಗಿದೆ,” ಎಂದಳು ಸರ್ವೇಯರಮ್ಮ. “ಗ್ಯಾರೇಜಿಗೆ ಹೋಗೋದಕ್ಕೆ ಮುಂಚೆ ಆಗ್ಬೇಕು ಅಂತ. ‘ದೊಡ್ಡದು ಮಾಡಿ’ ಅನ್ನೋ ಮಾತಲ್ಲಿ. ಈ ಅಂಗಡೀಲಿ ಹಾಗೆ ಮಾತಾಡೋರು ಎಷ್ಟು ಜನ?”

“ನಾನೊಬ್ಬಳೇ,” ಎಂದಳು ಗಾಜಿನಂಗಡಿಯಾಕೆ. “ಫೋನ್ ಮಾಡಿದ್ದೂ ನಾನೇ.”

ಇಷ್ಟು ಬೇಗ ಬಾಗಿಲು ತೆರೆಯುವುದೆಂದು ಸರ್ವೇಯರಮ್ಮ ಎಣಿಸಿರಲಿಲ್ಲ. ಒದೆಯಲು ಎತ್ತಿದ ಕಾಲನ್ನು ಇಳಿಸುವುದೆಲ್ಲಿ ಎಂದು ತಿಳಿಯದವಳಂತಾದಳು.

“ಯಾಕೆ ಮಾಡಿದ್ರಿ?”

“ಅವರು ಮಾಡು ಅಂದ್ರು, ಮಾಡ್ದೆ. ಗಾಡಿ ಮಾರೋಕೆ ಯಾರಿಗೋ ಮಾತು ಕೊಟ್ಟಿದ್ರು. ಹಳೇ ಗಾಡಿ. ಆ ದೀಪ ಉರೀತಿದ್ರೆ ತಗೊಳ್ಳೋನು ಎಂಜಿನ್ ಕೆಟ್ಟಿದೆ ಅಂತಾನೆ, ಗ್ಯಾರೇಜಿಗೆ ಹಾಕಿದ್ರೆ ಇನ್ನೊಂದಷ್ಟು ದಿನ ಹಿಡಿಯತ್ತೆ, ಸುಮ್ಮನೆ ದೀಪ ತೆಗೆಸ್ಬಿಡು ಅಂದ್ರು.”

“ಗಾಡಿ ಮಾರ್ತಿದ್ರಾ?” ಬಾಮೈದ ಅಕ್ಕನ ಕಡೆಗೆ ಪೂರ್ತಿ ತಿರುಗಿದ. “ನನಗೆ ಯಾರೂ ಹೇಳ್ಲೇ ಇಲ್ವಲ್ಲ!”

“ನಿನಗೆ ಹೇಳ್ಬೇಡ ಅಂದಿದ್ರು.”

“ಯಾಕೆ?”

“ಯಾಕೆ ಅಂತ ನನಗೆ ಹೇಳಿದ್ದರೆ ತಾನೇ ನಿನಗೆ ಹೇಳೋಕೆ?”

“ಅಕ್ಕಾ, ನಾನು ದಿನಾ ಕೂರ್ತಿದ್ದ ಗಾಡಿ ಅದು.” ಅವನ ದನಿ ತೀರ ಕೆಳಗಿಳಿದಿತ್ತು. “ಮಾರೋ ವಿಷಯ ಮುಚ್ಚಿಟ್ರು. ದೀಪ ಮುಚ್ಚಿಡೋಕೆ ಹೇಳಿದ್ರು. ಇನ್ನೇನು ಮುಚ್ಚಿಟ್ಟಿದ್ರು?”

ಅವನು ಉಳಿಯನ್ನು ಮೇಜಿನ ಮೇಲೆ ಎಸೆದ. ಅರ್ಧ ಕೊಯ್ದಿದ್ದ ಗಾಜು ಗೆರೆಯನ್ನು ಬಿಟ್ಟು ಓರೆಯಾಗಿ ಸೀಳಿತು. ಅವನು ಅದರತ್ತ ನೋಡಲೂ ಇಲ್ಲ.

“ಸತ್ತವರ ಬಾಯಿಗೆ ಮಾತು ಹಾಕೋದು ಸುಲಭ, ತಾಯಿ,” ಎಂದಳು ಸರ್ವೇಯರಮ್ಮ. “ಹೌದು ಅನ್ನೋಕೂ ಅವರು ಬರಲ್ಲ, ಇಲ್ಲ ಅನ್ನೋಕೂ ಬರಲ್ಲ.”

“ಸುಳ್ಳು ಹೇಳೋಳಾಗಿದ್ರೆ ಫೋನೇ ಮಾಡಿಲ್ಲ ಅಂತಿದ್ದೆ.” ಆ ಹೆಂಗಸಿನ ಕಣ್ಣುಗಳು ಒಣಗಿದ್ದವು, ಅಳು ಮುಗಿದು ಬಹಳ ಕಾಲವಾದಂತೆ ಕೆಂಪಾಗಿದ್ದವು. “ಆ ಯಂತ್ರದ ಗಲಾಟೇಲಿ ದನಿ ಯಾರದು ಅಂತ ಯಾರು ಹೇಳೋರು? ಒಂದು ಮಾತು ಹಿಡ್ಕೊಂಡು ಬಂದಿದೀರಿ. ಆ ಮಾತು ನನ್ನದಲ್ಲ ಅಂದಿದ್ರೆ ನೀವೇನು ಮಾಡ್ತಿದ್ರಿ?”

ಏನೂ ಮಾಡಲಾಗುತ್ತಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

“ಇದನ್ನೇ ಠಾಣೇಲಿ ಹೇಳ್ತೀರಾ? ಒಳಗೆ ಕೂತಿರೋನು ಏನೂ ಅರಿಯದೋನು ಅಂತ ನನಗನ್ನಿಸತ್ತೆ. ಆ ದೀಪ ಯಾಕೆ ಉರೀತಿದೆ ಅಂತ ಹುಡುಕಿ ಹುಡುಕಿ ಸೋತೋನು ಅವನು. ಅದನ್ನ ಮುಚ್ಚಿಸೋಕೆ ನೋಡಿದ್ದು ಈ ಕಡೆಯೋರು.”

ಗಾಜಿನಂಗಡಿಯಾಕೆ ಖಾಲಿ ಕುರ್ಚಿಯ ಬೆನ್ನನ್ನು ಒಮ್ಮೆ ಸವರಿದಳು. “ಹೇಳ್ತೀನಿ,” ಎಂದಳು. “ಆ ಗ್ಯಾರೇಜಿನೋಳ ಮನೇಲೂ ಇದೇ ಆಗೋದು ಬೇಡ.”

ಸರ್ವೇಯರಮ್ಮ ಹೊರಬಂದಾಗ ಬಿಸಿಲು ಇಳಿಮುಖವಾಗಿತ್ತು. ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದ ಗ್ಯಾರೇಜಕ್ಕ ಧಡಕ್ಕನೆ ಎದ್ದಳು. ಅವಳು ಕೇಳಬೇಕಿದ್ದ ಪ್ರಶ್ನೆ ಕಣ್ಣಲ್ಲೇ ಇತ್ತು. ಸರ್ವೇಯರಮ್ಮ ‘ತಾಳು’ ಎಂಬಂತೆ ಕೈ ಮಾಡಿ, ಅಷ್ಟು ದೂರ ಸರಿದು ಠಾಣೆಗೆ ಫೋನು ಹಚ್ಚಿದಳು. ಆಕೆಯ ಮುಖದಲ್ಲಿ ಬೆಳಗಿನಿಂದ ಮೊದಲ ಬಾರಿಗೆ ಒಂದು ಸಡಿಲಿಕೆ ಕಾಣಿಸಿತ್ತು.

“ಇನ್ಸ್‌ಪೆಕ್ಟರೇ, ವರದಿ ಬರೀತಿದೀನಿ. ರಿಪೇರಿಯ ದೋಷ ಅಲ್ಲ. ಕೊಳವೆಗೆ ಬೇಕಂತಲೇ…”

“ತೂತು ಕೊರೆದಿದಾರೆ,” ಎಂದ ಇನ್ಸ್‌ಪೆಕ್ಟರ್. “ಹಿಂಬದೀಲಿ, ಕ್ಲಚ್ ಪೆಡಲಿನ ನೇರಕ್ಕೆ. ಪೆನ್ಸಿಲ್ ಗಾತ್ರ. ಸಿಕ್ತಾ ನಿಮಗೆ? ಒಳ್ಳೇದಾಯ್ತು.”

“ನಿಮ್ಮ ಪೇದೆ ಹೇಳಿದ್ನಾ?”

“ಇಲ್ಲ. ಗ್ಯಾರೇಜಿನೋನು ಒಪ್ಕೊಂಡಿದಾನೆ. ಕೊರೆದಿದ್ದು ನಾನೇ ಅಂತ.”

ಸರ್ವೇಯರಮ್ಮ ದನಿಯನ್ನು ಗಟ್ಟಿಮಾಡಿದಳು. “ನಾಚಿಕೆ ಆಗ್ಬೇಕು ನಿಮಗೆ. ಬೆಳಿಗ್ಗೆ ನಾವು ತೂತು ಕಂಡ್ವಿ, ಪೇದೆ ನಿಮಗೆ ಮುಟ್ಟಿಸಿದ, ಅದನ್ನೇ ಹೊಡೆದು ಅವನ ಬಾಯಿಗೆ ತುರುಕಿದೀರಿ. ನ್ಯಾಯಾಲಯದಲ್ಲಿ ನಾನೇ ನಿಂತು ಹೇಳ್ತೀನಿ.”

“ಬಾಯಿಗೆ ಬಂದಹಾಗೆ ಮಾತಾಡ್ಬೇಡಿ, ಮೇಡಂ.” ಇನ್ಸ್‌ಪೆಕ್ಟರನ ದನಿಯಲ್ಲಿ ಕೋಪಕ್ಕಿಂತ ಆಯಾಸವೇ ಹೆಚ್ಚಾಗಿತ್ತು. “ಅವನ ಮೈಮೇಲೆ ಯಾರೂ ಕೈ ಮಾಡಿಲ್ಲ. ಅವನು ಹೇಳಿದ್ದು ಇವತ್ತಲ್ಲ, ನಿನ್ನೆ ಸಾಯಂಕಾಲ. ಪೇದೆಗೂ ಹೇಳದೇ ಇಟ್ಕೊಂಡೆ. ನಿಮ್ಮಷ್ಟಕ್ಕೆ ನೀವೇ ಹುಡುಕಿದ್ರೆ ಅದರ ತೂಕವೇ ಬೇರೆ ಅಂತ. ಈಗ ನೋಡಿ, ಅವನಂದ ಜಾಗದಲ್ಲೇ ಸಿಕ್ಕಿದೆ.”

ನಿನ್ನೆ ಸಾಯಂಕಾಲ ಆ ತಗಡನ್ನು ಯಾರೂ ಬಿಚ್ಚಿರಲಿಲ್ಲ. ಹೊಗೆಯಂತ್ರ ಗೋಡೆಯ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಆ ತೂತು ಇದೆಯೆಂಬುದು ಕೊರೆದವನೊಬ್ಬನಿಗಲ್ಲದೆ ಲೋಕದಲ್ಲಿ ಇನ್ನಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ.

“ಏನಂತೆ?” ಗ್ಯಾರೇಜಕ್ಕ ಹತ್ತಿರ ಬಂದು ಅವಳ ತೋಳು ಹಿಡಿದಳು. “ಇವತ್ತೇ ಬಿಡ್ತಾರಾ? ಹೇಳಿ ಅಮ್ಮಾ, ಏನಂದ್ರು?”

ಸರ್ವೇಯರಮ್ಮ ಫೋನನ್ನು ಕಿವಿಯಿಂದ ಕೆಳಗಿಳಿಸಿದಳು. ಎದುರಿಗಿದ್ದ ಮುಖದಲ್ಲಿ ಆಸೆ ಎಷ್ಟು ತುಂಬಿತ್ತೆಂದರೆ, ಆ ಮಾತನ್ನು ಆಡಲು ಆಕೆ ಬೇರೆ ಕಡೆಗೆ ನೋಡಬೇಕಾಯಿತು.

“ಆ ತೂತು ಎಲ್ಲಿದೆ ಅಂತ ನಿನ್ನ ಗಂಡನಿಗೆ ನಿನ್ನೆಯೇ ಗೊತ್ತಿತ್ತಂತೆ.”

ಗ್ಯಾರೇಜಕ್ಕ ಬೆಚ್ಚಲಿಲ್ಲ. ಅವಳ ಮುಖದ ಆಸೆಯೂ ಕದಲಲಿಲ್ಲ.

“ಗೊತ್ತಿರದೇ ಏನು?” ಎಂದಳು. “ನಿನ್ನೆ ಬಟ್ಟೆ ಕೊಡೋಕೆ ಲಾಕಪ್ಪಿಗೆ ಹೋದಾಗ, ಎಲ್ಲಿ ಕೊರೆದಿದೆ ಅಂತ ನಾನೇ ಹೇಳಿದ್ನಲ್ಲ.”

ಬೆಳಿಗ್ಗೆ ‘ಹೊಗೆ ಬಿಟ್ಟು ನೋಡೋಣ’ ಎಂದದ್ದು ಇವಳೇ ಎಂಬುದು ಸರ್ವೇಯರಮ್ಮನಿಗೆ ಆಗ ನೆನಪಾಯಿತು. ಕೈಯಲ್ಲಿದ್ದ ಫೋನಿನ ಕರೆ ಇನ್ನೂ ಕಡಿದಿರಲಿಲ್ಲ. ಅದರೊಳಗಿನಿಂದ ಇನ್ಸ್‌ಪೆಕ್ಟರನ ದನಿ ಸಣ್ಣದಾಗಿ, ಸ್ಪಷ್ಟವಾಗಿ ಕೇಳಿಸಿತು.

“ಮೇಡಂ, ಅವಳನ್ನ ಅಲ್ಲೇ ನಿಲ್ಲಿಸ್ಕೊಳ್ಳಿ.”